ಇಟಲಿಯ ಫ್ಯಾಸಿಸಂ ಮತ್ತು ಹನ್ನೆರಡು ಪ್ರಾಧ್ಯಾಪಕರು

ಫ್ಯಾಸಿಸಂ ಎಂಬ ಪದಕ್ಕೆ ಮೂಲವಾದುದು ಇಟಾಲಿಯನ್ ಭಾಷೆಯ ‘ಫಾಷೊ’ ಎಂಬ ಶಬ್ದ. ಕಟ್ಟು ಎಂದು ಅದರ ಅರ್ಥ. ಪ್ರಾಚೀನ ರೋಮಿನಲ್ಲಿ ಅಧಿಕಾರಿಗಳ ಮುಂದೆ ಸೇವಕರು ಹೊತ್ತು ನಡೆಯುತ್ತಿದ್ದ, ಕೊಡಲಿಯೊಡನೆ ಬಿಗಿದ ಬೆತ್ತಗಳ ಕಟ್ಟೇ ಈ ಪಕ್ಷದ ಲಾಂಛನವಾಯಿತು. ಕಟ್ಟಿನೊಳಗೆ ಸೇರಿದ ಬೆತ್ತಕ್ಕೆ ಬಲವುಂಟು; ಸ್ವಂತ ಇಚ್ಛೆಯಿಲ್ಲ. ಕಲೆ, ವಿಜ್ಞಾನ, ನ್ಯಾಯಶಾಸ್ತ್ರಗಳಿಗೆ ಹೆಸರಾದ ಒಂದು ರಾಷ್ಟ್ರವು ಇಂತಹ ಕಟ್ಟಿಗೆ ತನ್ನನ್ನು ಒಪ್ಪಿಸಿಕೊಂಡುದು ಹೇಗೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪ್ರಥಮ ಮಹಾಯುದ್ಧದಲ್ಲಿ ಇಟಲಿ ಗೆದ್ದ ಪಕ್ಷದಲ್ಲಿತ್ತು. ಆದರೆ ಸುಮಾರು 6 ಲಕ್ಷ ಸೈನಿಕರನ್ನು ಕಳೆದುಕೊಂಡಿತ್ತು. ಬೆಲೆಯೇರಿಕೆ, ನಿರುದ್ಯೋಗ, ಮುಷ್ಕರಗಳಿಂದ ದೇಶ ತತ್ತರಿಸುತ್ತಿದ್ದಾಗ, 1919ರ ಮಾರ್ಚ್ 23ರಂದು ಮುಸೊಲಿನಿಯು ಮಿಲಾನ್ ನಗರದಲ್ಲಿ ತನ್ನ ಸಂಘಟನೆಯನ್ನು ಸ್ಥಾಪಿಸಿದನು. ಅದೇ ವರ್ಷದ ಚುನಾವಣೆಯಲ್ಲಿ ಅವನು ಸೋತನು. 1920ರಲ್ಲಿ ಕಾರ್ಮಿಕರು ಕಾರ್ಖಾನೆಗಳನ್ನು ವಶಪಡಿಸಿಕೊಂಡಾಗ ಆಸ್ತಿವಂತರು ಭಯಗೊಂಡರು. ಪೋ ನದಿಯ ಬಯಲಿನ ಭೂಮಾಲೀಕರು ಕಪ್ಪಂಗಿಯ ತಂಡಗಳಿಗೆ ಹಣವಿತ್ತರು. ಆ ತಂಡಗಳು ರೈತಕಾರ್ಮಿಕರ ಸಂಘಗಳನ್ನು ಸುಟ್ಟು ಹಾಳುಮಾಡಿದವು. 1921ರಲ್ಲಿ ಹಿರಿಯ ಮುತ್ಸದ್ದಿ ಜಿಯೊಲಿಟ್ಟಿಯು ತನ್ನ ಚುನಾವಣಾ ಕೂಟದಲ್ಲಿ ಫ್ಯಾಸಿಸ್ಟರಿಗೂ ಸ್ಥಳವಿತ್ತನು. ಅಧಿಕಾರದ ರುಚಿ ಹತ್ತಿದರೆ ಅವರು ತಾವಾಗಿಯೇ ಪಳಗುವರೆಂದು ಅವನ ಎಣಿಕೆ. 535 ಸ್ಥಾನಗಳ ಸಭೆಗೆ 35 ಮಂದಿ ಫ್ಯಾಸಿಸ್ಟರು ಪ್ರವೇಶಿಸಿದರು.

1922ರ ಅಕ್ಟೋಬರ್ 28ರಂದು ಕಪ್ಪಂಗಿಯವರು ರೋಮಿನತ್ತ ನಡೆದರು. ಸೈನ್ಯಕ್ಕೆ ಅವರನ್ನು ತಡೆಯುವುದು ಕಷ್ಟವಾಗಿರಲಿಲ್ಲ. ಪ್ರಧಾನಿ ಫಾಕ್ಟಾ ತುರ್ತು ಸೈನ್ಯಾಡಳಿತದ ಆಜ್ಞೆಯನ್ನು ಸಿದ್ಧಪಡಿಸಿ ಅರಸನ ಮುಂದಿಟ್ಟನು. ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲ್ ಅದಕ್ಕೆ ಸಹಿ ಹಾಕಲಿಲ್ಲ. ಬದಲಾಗಿ ಮುಸೊಲಿನಿಗೆ ಕರೆ ಕಳುಹಿಸಿದನು. ನಾಯಕನು ಮಿಲಾನಿನಿಂದ ರೈಲಿನಲ್ಲಿ ಬಂದು ಪ್ರಧಾನಿಯಾದನು.

1924ರ ಮೇ 30ರಂದು ಸಮಾಜವಾದಿ ನಾಯಕ ಮಾಟೆಯೊಟ್ಟಿ ಚುನಾವಣೆಯ ಅಕ್ರಮಗಳನ್ನು ಸಭೆಯಲ್ಲಿ ಬಯಲಿಗೆಳೆದನು. ಜೂನ್ 10ರಂದು ಅವನನ್ನು ಅಪಹರಿಸಿ ಕೊಲ್ಲಲಾಯಿತು. 1926ರ ಅಂತ್ಯದೊಳಗೆ ಅನ್ಯ ಪಕ್ಷಗಳೂ ಸ್ವತಂತ್ರ ಪತ್ರಿಕೆಗಳೂ ಇಲ್ಲವಾದವು.

ಇನ್ನು ಉಳಿದುದು ವಿದ್ಯಾಲಯ. ಪ್ರಾಥಮಿಕ ಶಾಲೆಗಳಿಗೆಲ್ಲ ಸರ್ಕಾರದ್ದೇ ಆದ ಏಕಮಾತ್ರ ಪಠ್ಯಪುಸ್ತಕವನ್ನು 1929ರ ಕಾನೂನು ವಿಧಿಸಿತು. 1931ರ ಆಗಸ್ಟಿನಲ್ಲಿ ವಿಶ್ವವಿದ್ಯಾಲಯಗಳ ಸರದಿ ಬಂದಿತು. ಪ್ರತಿಯೊಬ್ಬ ಪ್ರಾಧ್ಯಾಪಕನೂ ಅರಸನಿಗೆ ಮಾತ್ರವಲ್ಲದೆ ಫ್ಯಾಸಿಸ್ಟ್ ಆಳ್ವಿಕೆಗೂ ನಿಷ್ಠನಾಗಿದ್ದು, ಅದಕ್ಕೆ ವಿಧೇಯರಾದ ಪ್ರಜೆಗಳನ್ನು ರೂಪಿಸುವೆನೆಂದು ಪ್ರಮಾಣ ಮಾಡಬೇಕಾಯಿತು. ಸುಮಾರು 1,200 ಮಂದಿಯಲ್ಲಿ ನಿರಾಕರಿಸಿದವರು ಹನ್ನೆರಡು ಮಂದಿ ಎಂದು ಸಾಮಾನ್ಯವಾಗಿ ಗಣಿಸಲಾಗಿದೆ.

ಅವರಲ್ಲಿ ಗಣಿತಜ್ಞ ವಿಟೊ ವೋಲ್ಟೆರಾ, ರೋಮಿನ ಇತಿಹಾಸಕಾರ ಗೇಟಾನೊ ಡಿ ಸಾಂಕ್ಟಿಸ್, ನ್ಯಾಯಶಾಸ್ತ್ರಜ್ಞರಾದ ರುಫಿನಿ ತಂದೆ-ಮಗ ಇದ್ದರು. ನಮ್ಮ ಓದುಗರಿಗೆ ವಿಶೇಷವಾಗಿ ಆಸಕ್ತಿದಾಯಕನಾದವನು ಮಿಲಾನಿನ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಪಿಯೆರೊ ಮಾರ್ಟಿನೆಟ್ಟಿ. ತಾರುಣ್ಯದಲ್ಲಿ ಭಾರತದ ಸಾಂಖ್ಯದರ್ಶನವನ್ನು ಅಭ್ಯಸಿಸಿ ಗ್ರಂಥ ರಚಿಸಿದ ವಿದ್ವಾಂಸನೀತ. ಈತ ಹುದ್ದೆಯನ್ನು ಬಿಟ್ಟನು, ಪ್ರಮಾಣ ಮಾಡಲಿಲ್ಲ.

ಉಳಿದವರೆಲ್ಲರೂ ಫ್ಯಾಸಿಸ್ಟರೇ ಎಂದರೆ ಅನ್ಯಾಯವಾದೀತು. ಆಳ್ವಿಕೆಯ ವಿರೋಧಿಯಾಗಿದ್ದ ಕ್ರೋಚೆಯೇ, ಪೀಠಗಳು ಅನರ್ಹರ ಪಾಲಾಗದಿರಲೆಂದು, ಕೆಲವರಿಗೆ ಉಳಿಯುವಂತೆ ಸಲಹೆಯಿತ್ತನು. ಕಮ್ಯುನಿಸ್ಟ್ ನಾಯಕ ತೊಲಿಯಾಟ್ಟಿಯೂ ತನ್ನವರಿಗೆ ಹಾಗೆಯೇ ಹೇಳಿದನು. ಕ್ಯಾಥೊಲಿಕರು ಮನಸ್ಸಿನೊಳಗೆ ಒಂದು ಷರತ್ತನ್ನಿಟ್ಟುಕೊಂಡು ಪ್ರಮಾಣ ಮಾಡಬಹುದೆಂಬ ಸಮಾಧಾನ ವ್ಯಾಟಿಕನ್ನಿನಿಂದ ದೊರೆಯಿತು. ಸಂಸಾರಭಾರವೂ ವೃದ್ಧಾಪ್ಯವೂ ಅನೇಕರನ್ನು ಬಾಧಿಸಿರಬೇಕು. ಪ್ರತಿಯೊಬ್ಬನ ಕಾರಣವೂ ಪ್ರತ್ಯೇಕವಾಗಿ ನೋಡಿದರೆ ಕ್ಷಮಾರ್ಹವೇ. ಆದರೆ ಆಳುವವನಿಗೆ ಬೇಕಾದುದು ಕಾರಣವಲ್ಲ, ಸಹಿ. ಎಲ್ಲ ಸಹಿಗಳೂ ಒಂದೆಡೆ ಕೂಡಿದಾಗ ವಿದ್ವಲ್ಲೋಕವೇ ಒಪ್ಪಿತೆಂಬ ಕೀರ್ತಿ ಆಳ್ವಿಕೆಗೆ ಸಂದಿತು. ನುಡಿ ಒಂದು, ನಡೆ ಮತ್ತೊಂದಾದ ಗುರುವಿನಿಂದ ಶಿಷ್ಯನು ಕಲಿಯುವುದು ಅವನ ನಡೆಯನ್ನೇ ಹೊರತು ಅವನ ಮನಸ್ಸಿನ ಷರತ್ತನ್ನಲ್ಲ.

ಪ್ರಮಾಣ ಮಾಡಿದವರಿಗೆ ರಕ್ಷಣೆಯಾದರೂ ದೊರೆಯಿತೆ? 1938ರಲ್ಲಿ ಜನಾಂಗಭೇದದ ಕಾನೂನುಗಳು ಜಾರಿಗೆ ಬಂದು ಯೆಹೂದಿ ಅಧ್ಯಾಪಕರನ್ನೆಲ್ಲ ಹೊರದೂಡಿದವು. ಏಳು ವರ್ಷಗಳ ಹಿಂದೆ ನಿಷ್ಠೆಯ ಪ್ರಮಾಣ ಮಾಡಿದವರೂ ಅದರಲ್ಲಿ ಸೇರಿದ್ದರು. 1922ರಲ್ಲಿ ಲೇಖನಿಯೆತ್ತಲೊಲ್ಲದ ಅರಸನೇ ಈ ಶಾಸನಗಳಿಗೆ ಸಹಿ ಹಾಕಿದನು.

ಫ್ಯಾಸಿಸಂ ಬೀದಿಯ ದೊಣ್ಣೆಯಿಂದ ಮೇಲೇರಿತೆಂಬುದು ಅರ್ಧಸತ್ಯ. ದೊಣ್ಣೆ ಬಾಗಿಲವರೆಗೆ ತಂದಿತು. ಬಾಗಿಲನ್ನು ತೆರೆದವರು ಒಳಗಿದ್ದ ಗೌರವಸ್ಥರು. ಯುದ್ಧಾನಂತರ ಗಣರಾಜ್ಯದ ಅಧ್ಯಕ್ಷನಾದ ಲೂಯಿಜಿ ಐನೌದಿಯು 1950ರಲ್ಲಿ ವೃದ್ಧನಾದ ಡಿ ಸಾಂಕ್ಟಿಸನನ್ನು ಆಜೀವ ಸೆನೆಟರನಾಗಿ ನೇಮಿಸಿದನು. ಐನೌದಿ ಸ್ವತಃ 1931ರಲ್ಲಿ ಪ್ರಮಾಣ ಮಾಡಿದವರಲ್ಲೊಬ್ಬ. ಸಹಿ ಹಾಕಿದವನು ಸಹಿ ಹಾಕದವನಿಗೆ ಸಲ್ಲಿಸಿದ ಈ ಗೌರವವನ್ನು ಅಧ್ಯಾಪಕವೃತ್ತಿಯವರು ನೆನಪಿನಲ್ಲಿಡುವುದು ಉಚಿತ.