ಪಾತ್ರಗಳ ಜಗಳವನ್ನು ದಾಳ ಬಗೆಹರಿಸುತ್ತದೆಯೇ?

‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ನೋಡಿದವರಿಗೆ, ನೆಲಮಾಳಿಗೆಯಲ್ಲಿ ಮೇಜಿನ ಸುತ್ತ ಕೂತು ದಾಳ ಹಾಕುವ ನಾಲ್ವರು ಹುಡುಗರು ನೆನಪಿರಬಹುದು. ಅವರು ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದಲ್ಲಿ ಹೊರಬಂತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ. ಎಲ್ಲರೂ ಒಂದೇ ತಂಡ. ಆದರೂ ಪಾತ್ರಗಳ ನಡುವೆ ಜಗಳ ತಪ್ಪಿದ್ದಲ್ಲ. ಆಗ ‘ದಾಳ ಹಾಕಿ, ಮುಗೀತು’ ಎನ್ನುವವರಿದ್ದಾರೆ. ಇದು ಅರ್ಧ ಮಾತ್ರ ನಿಜ.

ನೆಲಕ್ಕೆ ಬಿದ್ದ ಉಂಗುರಕ್ಕೆ ಎರಡು ಪಾತ್ರಗಳು ಒಟ್ಟಿಗೆ ಕೈ ಹಾಕಿದವು ಎನ್ನಿ. 2014ರ ನಿಯಮಗಳ ಪ್ರಕಾರ ಇಬ್ಬರೂ 20 ಮುಖದ ದಾಳ ಹಾಕಿ, ತಮ್ಮ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸುತ್ತಾರೆ. ಹೆಚ್ಚು ಬಂದವರಿಗೆ ಉಂಗುರ. ಸಮವಾದರೆ ಯಾರಿಗೂ ಇಲ್ಲ.

ಆದರೆ ಮೂರು ವಾರ ಆಡಿ ಗಳಿಸಿದ ಉಂಗುರವನ್ನು ಗೆಳೆಯನ ಪಾತ್ರ ರಾತ್ರೋರಾತ್ರಿ ಕದ್ದರೆ? ದಾಳ ಕಳ್ಳನ ಕಡೆಗೇ ಬಿದ್ದಿರಬಹುದು. ಮುನಿಸು ಮಾತ್ರ ಪಾತ್ರಕ್ಕಲ್ಲ, ಆಡುತ್ತಿರುವ ಮನುಷ್ಯನಿಗೆ. ‘ನಾನೇನ್ ಮಾಡ್ಲಿ, ನನ್ನ ಪಾತ್ರ ಇರೋದೇ ಹಾಗೆ’ ಎಂಬ ಸಮಜಾಯಿಷಿ ಈ ಆಟದಲ್ಲಿ ತೀರಾ ಹಳೆಯದು. ನಾವಂತೂ ಇದನ್ನು ಒಪ್ಪುವುದಿಲ್ಲ. ಪಾತ್ರವನ್ನು ಹಾಗೆ ಕಟ್ಟಿದವರು ತಾವೇ ಅಲ್ಲವೇ?

ಅದಕ್ಕೇ ಅನೇಕ ಗುಂಪುಗಳು ಆಟಕ್ಕೆ ಮೊದಲೇ ಒಮ್ಮೆ ಸೇರಿ ಮಾತಾಡಿಕೊಳ್ಳುತ್ತವೆ. ಇದಕ್ಕೆ ‘ಸೆಷನ್ ಜೀರೋ’ ಎಂದು ಹೆಸರು. ತಂಡದೊಳಗೆ ಕದಿಯಬಹುದೇ, ಹೊಡೆದಾಡಬಹುದೇ, ಕೊಲ್ಲಬಹುದೇ ಎಂಬುದೆಲ್ಲ ಅಲ್ಲೇ ತೀರ್ಮಾನ. ನಮಗೆ ಹಿಡಿಸಿದ ಒಂದು ಪದ್ಧತಿಯಲ್ಲಿ, ಪೆಟ್ಟು ತಿನ್ನುವ ಪಾತ್ರದವರೇ ಫಲಿತಾಂಶ ಹೇಳುತ್ತಾರೆ: ‘ನೀನು ಕತ್ತಿ ಬೀಸಿದೆ, ನಾನು ತಪ್ಪಿಸಿಕೊಂಡೆ’. ಬೇಕಿದ್ದರೆ ‘ಸರಿ, ದಾಳ ಹಾಕೋಣ’ ಎಂದೂ ಒಪ್ಪಬಹುದು. ಜಾನ್ ಸ್ಟಾವ್ರೊಪೌಲೋಸ್ ಎಂಬವರು ರೂಪಿಸಿದ ‘ಎಕ್ಸ್-ಕಾರ್ಡ್’ ಇನ್ನೂ ಸರಳ. ಮೇಜಿನ ಮೇಲಿನ ಆ ಚೀಟಿಯನ್ನು ಯಾರೇ ಮುಟ್ಟಿದರೂ, ನಡೆಯುತ್ತಿರುವ ವಿಷಯವನ್ನು ಅಲ್ಲಿಗೇ ಬಿಡಬೇಕು. ಕಾರಣ ಹೇಳಬೇಕಿಲ್ಲ.

ಆಟದ ನಡುವೆಯೇ ದನಿ ಏರಿದರೆ? ದಾಳ ಬದಿಗಿಟ್ಟು, ಪಾತ್ರದ ಹೆಸರು ಬಿಟ್ಟು, ನಿಜವಾದ ಹೆಸರು ಹಿಡಿದು ಮಾತಾಡಿ. ‘ನಿನಗೆ ಬೇಜಾರಾಯ್ತಾ?’ ಎಂದು ಕೇಳಲು ಯಾವ ನಿಯಮಪುಸ್ತಕವೂ ಬೇಡ.

ಹಾಗೆಂದು ತಂಡದೊಳಗಿನ ದ್ರೋಹವೆಲ್ಲ ಕೆಟ್ಟ ಆಟವಲ್ಲ. 1984ರ ‘ಪ್ಯಾರನೋಯಾ’ದಲ್ಲಿ ಒಬ್ಬರ ಬೆನ್ನಿಗೆ ಇನ್ನೊಬ್ಬರು ಚೂರಿ ಹಾಕುವುದೇ ಮಜಾ. ಅದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಸತ್ತವರ ಜಾಗಕ್ಕೆ ಬರಲು ಅವರದೇ ತದ್ರೂಪಿಗಳೂ ಸಿದ್ಧವಾಗಿರುತ್ತಾರೆ.