ಮಾಗಡಿ ಕೆರೆ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಗ್ರಾಮದ ಕೆರೆ. ಚಳಿಗಾಲದ ಪಕ್ಷಿವೀಕ್ಷಣೆಗೆ ಹೆಸರಾದ ಸಂರಕ್ಷಿತ ಜೌಗುಪ್ರದೇಶ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ಪಟ್ಟೆತಲೆ ಹೆಬ್ಬಾತುಗಳದ್ದೇ ದರಬಾರು. ಮಂಗೋಲಿಯ, ಟಿಬೆಟ್ ಕಡೆ ಮರಿ ಮಾಡುವ ಇವು ಹಿಮಾಲಯ ದಾಟಿ ಬರುತ್ತವೆ. ಬೂದು ಮೈ, ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ತುದಿ ಕಪ್ಪಾದ ಹಳದಿ ಕೊಕ್ಕು. ಗುರುತು ಹಿಡಿಯುವುದು ಸುಲಭ.

ಸಂಜೆ, ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಹಗಲು ಕೆರೆಯಲ್ಲಿ ತಂಗುತ್ತವೆ. ಹಾಗಾಗಿ ಹಿಂಡು ಹಿಂದಿರುಗುವ ಬೆಳಗಿನ ಹೊತ್ತೇ ನೋಡಲು ಪ್ರಶಸ್ತ. ಏರಿಯ ಮೇಲೆ ಎದ್ದು ಕಾಣುವಂತೆ ನಿಂತರೆ ಅವು ಕತ್ತೆತ್ತಿ, ಕೂಗಿ, ನಡುನೀರಿಗೆ ಸರಿಯುತ್ತವೆ. ಗಿಡದ ಮರೆಯಲ್ಲೋ ವೀಕ್ಷಣಾ ಗೋಪುರದಲ್ಲೋ ಸದ್ದಿಲ್ಲದೆ ಕೂತು ದುರ್ಬೀನು ಹಿಡಿಯಬೇಕು. ಬೆಳೆ ಮೇಯ್ದರೂ ಸಹಿಸಿಕೊಂಡ ರೈತರ ಔದಾರ್ಯವೇ ಈ ನೆಲೆ ಉಳಿಯಲು ದೊಡ್ಡ ಕಾರಣ.