ಎಷ್ಟು ಮತ, ಎಲ್ಲಿಯ ಮತ?

2014ರ ಲೋಕಸಭಾ ಚುನಾವಣೆಯಲ್ಲಿ ಬಹುಜನ ಸಮಾಜ ಪಕ್ಷಕ್ಕೆ (ಬಿಎಸ್‌ಪಿ) ದೇಶದ ಶೇ 4ಕ್ಕೂ ಹೆಚ್ಚು ಮತ ಬಿದ್ದವು, ಸೀಟು ಒಂದೂ ದಕ್ಕಲಿಲ್ಲ. ಶೇ 3.3ರಷ್ಟು ಮತ ಪಡೆದ ಜಯಲಲಿತಾ ಅವರ ಅಣ್ಣಾ ಡಿಎಂಕೆ 37 ಕ್ಷೇತ್ರ ಗೆದ್ದಿತು. ಬಿಎಸ್‌ಪಿ ಮತ ಹಲವು ರಾಜ್ಯಗಳಲ್ಲಿ ಚದುರಿಹೋಗಿತ್ತು; ಜಯಲಲಿತಾ ಪಕ್ಷದ್ದು ತಮಿಳುನಾಡಿನಲ್ಲೇ ಇಡುಗಂಟಾಗಿತ್ತು. ಮತ ಎಲ್ಲಿ ಬಿದ್ದಿದೆ ಎಂಬುದರಿಂದಾಗುವ ಇಂಥ ಏರುಪೇರು ರಾಜಕೀಯ ಅಧ್ಯಯನದ ನಡುಮನೆಗೆ ಬರಲು ದಶಕಗಳೇ ಹಿಡಿದವು.

ಮೊದಲಿಗೆ ಎಲ್ಲರ ಕಣ್ಣೂ ಕಾಂಗ್ರೆಸ್ ಮೇಲಿತ್ತು. ಮೊದಲ ಮಹಾಚುನಾವಣೆಯಲ್ಲಿ ಸುಮಾರು ಶೇ 45ರಷ್ಟು ಮತಕ್ಕೆ 489ರಲ್ಲಿ 364 ಸ್ಥಾನ ಬಾಚಿದ ಪಕ್ಷವದು. ಅದರ ಒಳಬಣಗಳೇ ಅರ್ಧ ವಿರೋಧ ಪಕ್ಷದ ಕೆಲಸ ಮಾಡುತ್ತವೆ ಎಂದು ರಾಜಕೀಯ ವಿಜ್ಞಾನಿ ರಜನಿ ಕೊಠಾರಿ 1964ರಲ್ಲಿ ‘ಕಾಂಗ್ರೆಸ್ ವ್ಯವಸ್ಥೆ’ಯನ್ನು ವಿವರಿಸಿದರು. ಇನ್ನೊಬ್ಬ ಸಂಶೋಧಕ ಮೈರನ್ ವೀನರ್ ಜಿಲ್ಲೆಗಳಿಗಿಳಿದರು. ಬೆಳಗಾವಿ, ಗುಂಟೂರು, ಮದುರೆ, ಖೇಡಾ ಮತ್ತು ಕಲ್ಕತ್ತೆಗಳ ಆಧಾರದಲ್ಲಿ 1967ರಲ್ಲಿ ಬಂದ ಅವರ ಪುಸ್ತಕ, ಒಂದೇ ಪಕ್ಷ ಊರಿಗೊಂದು ರೂಪ ತಾಳಿದ್ದನ್ನು ತೋರಿಸಿತು.

ಅದೇ ವರ್ಷ ಮದ್ರಾಸ್ ರಾಜ್ಯ ಕಾಂಗ್ರೆಸ್ಸಿನ ಕೈತಪ್ಪಿ ಡಿಎಂಕೆ ಪಾಲಾಯಿತು.

‘ದೇಶವ್ಯಾಪಿ ಅಲೆ’ ಎಂಬ ಮಾತು ಎಷ್ಟು ಟೊಳ್ಳು ಎಂಬುದಕ್ಕೆ 1977ರ ಲೋಕಸಭಾ ಚುನಾವಣೆಗಿಂತ ಬೇರೆ ಸಾಕ್ಷಿ ಬೇಡ. ಉತ್ತರ ಪ್ರದೇಶದ 85, ಬಿಹಾರದ 54 ಕ್ಷೇತ್ರಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ಸಿಗಲಿಲ್ಲ. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26, ಆಂಧ್ರದಲ್ಲಿ 42ರಲ್ಲಿ 41 ಅದರದ್ದೇ. 1984ರಲ್ಲಿ ಕಾಂಗ್ರೆಸ್ ನಾನೂರು ದಾಟಿದಾಗಲೂ, ಹುಟ್ಟಿ ಎರಡೇ ವರ್ಷವಾಗಿದ್ದ ಎನ್‌ಟಿಆರ್ ಅವರ ತೆಲುಗುದೇಶಂ 30 ಸ್ಥಾನ ಗೆದ್ದು ಲೋಕಸಭೆಯ ಅತಿದೊಡ್ಡ ವಿರೋಧ ಪಕ್ಷವಾಯಿತು.

ಮೈತ್ರಿ ಸರ್ಕಾರಗಳ ಕಾಲಕ್ಕೆ ರಾಜ್ಯವೇ ಅಧ್ಯಯನದ ಮೂಲಘಟಕವಾಯಿತು. 1989ರಿಂದಾಚೆಗಿನದನ್ನು ‘ಮೂರನೆಯ ಚುನಾವಣಾ ವ್ಯವಸ್ಥೆ’ ಎಂದು 1999ರಲ್ಲಿ ಗುರುತಿಸಿದವರು ಯೋಗೇಂದ್ರ ಯಾದವ್. ಅವರು ಕಂಡಂತೆ, ಜನ ಮುಖ್ಯಮಂತ್ರಿಯನ್ನು ಆರಿಸುವವರಂತೆ ಲೋಕಸಭೆಗೂ ಮತ ಹಾಕತೊಡಗಿದ್ದರು. ಪ್ರದೀಪ್ ಛಿಬ್ಬರ್ ಮತ್ತು ಕೆನ್ ಕೋಲ್ಮನ್ 2004ರಲ್ಲಿ ಭಾರತವನ್ನು ಕೆನಡಾ, ಬ್ರಿಟನ್, ಅಮೆರಿಕಗಳ ಜತೆ ಹೋಲಿಸಿದರು. ಅವರ ಪ್ರಕಾರ ಕ್ಷೇತ್ರದೊಳಗೆ ಸ್ಪರ್ಧೆ ಹೆಚ್ಚಾಗಿ ಇಬ್ಬರ ನಡುವೆಯೇ. ಆ ಇಬ್ಬರು ಯಾರೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದಾಗ ದೆಹಲಿಯಲ್ಲಿ ಹತ್ತಾರು ಪಕ್ಷ ಕಾಣುತ್ತವೆ. ಅಧಿಕಾರ ಕೇಂದ್ರದಿಂದ ರಾಜ್ಯಗಳತ್ತ ಜಾರಿದಂತೆ ಪ್ರಾದೇಶಿಕ ಪಕ್ಷಗಳಿಗೆ ಬಲ ಬರುತ್ತದೆ ಎಂಬುದು ಅವರ ವಾದ.

2014ರ ನಂತರ ಸುಹಾಸ್ ಪಳಶೀಕರ್ ಮೊದಲಾದವರು ಏಕಪಕ್ಷ ಪ್ರಾಬಲ್ಯದ ಚರ್ಚೆಗೆ ಮರಳಿದರು, ಈ ಬಾರಿ ಬಿಜೆಪಿಯನ್ನು ಮುಂದಿಟ್ಟುಕೊಂಡು. ಪ್ರಾದೇಶಿಕ ಪಕ್ಷಗಳ ನೆಲೆಯೂ ಸ್ಥಿರವಲ್ಲ: ಮೋದಿ ಅಲೆಯ 2014ರಲ್ಲೂ ಒಡಿಶಾದ 21ರಲ್ಲಿ 20 ಸ್ಥಾನ ಗೆದ್ದಿದ್ದ ಬಿಜು ಜನತಾ ದಳ (ಬಿಜೆಡಿ), 2024ರಲ್ಲಿ ಸುಮಾರು ಶೇ 37ರಷ್ಟು ಮತ ಪಡೆದೂ ಖಾತೆ ತೆರೆಯಲಿಲ್ಲ.

ಮಂಡ್ಯದ ಕಥೆ ಇನ್ನೂ ಗೋಜಲು. 2018ರ ವಿಧಾನಸಭೆಗೆ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್‌ಗೆ ಒಲಿದಿದ್ದವು. 2023ರಲ್ಲಿ ದಕ್ಕಿದ್ದು ಕೆ.ಆರ್. ಪೇಟೆ ಒಂದೇ. ಮರುವರ್ಷ ಬಿಜೆಪಿ ಜತೆಗೂಡಿ ಎಚ್.ಡಿ. ಕುಮಾರಸ್ವಾಮಿ ಮಂಡ್ಯದಿಂದಲೇ ಲೋಕಸಭೆಗೆ ಗೆದ್ದರು. ಕೋಟೆ ಪಕ್ಷದ್ದೋ, ನಾಯಕರದ್ದೋ, ಸಮುದಾಯದ್ದೋ ಎಂಬ ಪ್ರಶ್ನೆಯನ್ನು ರಾಜ್ಯಮಟ್ಟದ ಸರಾಸರಿಯಿಂದ ಬಿಡಿಸಲಾಗದೆ, ಸಂಶೋಧಕರು ವೀನರ್ ಅವರಂತೆ ಮತ್ತೆ ಜಿಲ್ಲೆಗಳಿಗೇ ಇಳಿಯಬೇಕಾಗಿದೆ.